ಸಹಾಯ ಬೇಕು: ಶಿಕ್ಷಣ ಸಂಸ್ಥೆ ನಡೆಸುವ ಕಪ್ಪು ವರ್ಣೀಯರ ಪರಿಚಯ ಇದೆಯಾ?

ಎಲ್ಲರಿಗೂ ನಮಸ್ಕಾರ. ನಾನು ಶಿಕಾಗೊದಲ್ಲಿ ಎಂಎಸ್‌ಡಬ್ಲ್ಯೂ ಓದುತ್ತಿದ್ದೇನೆ. ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಪಾಠ ಹೇಳಿಕೊಡುವ ಒಂದು ಎನ್‌ಜಿಒದಲ್ಲಿ ಇಂಟರ್ನ್‌ಶಿಪ್. ಅಲ್ಲಿಯ ನಿರ್ದೇಶಕರು ಕಪ್ಪು ವರ್ಣೀಯರು. ಮೊನ್ನೆ ದಾನಿಗಳು ಬಂದವರೇ ಸೀದಾ ಹೋಗಿ ಅವರ ಬಿಳಿಯ ಸಹಾಯಕನ ಕೈ ಕುಲುಕಿದರು! ಸರ್ ಸುಮ್ನೆ ನಕ್ಕರು. ಅಭ್ಯಾಸ ಆಗಿಹೋಗಿರಬೇಕು.

ದುಡ್ಡಿನ ಕಥೆಯೂ ಅಷ್ಟೇ. ಹೊಸ ಸಾಮಾಜಿಕ ಸಂಸ್ಥೆ ಕಟ್ಟುವವರಿಗೆ ಹಣ ಕೊಡುವ ಎಕೋಯಿಂಗ್ ಗ್ರೀನ್ ಫೆಲೋಶಿಪ್‌ಗೆ ಅರ್ಜಿ ಹಾಕಿದ್ದ ಒಳ್ಳೊಳ್ಳೆ ಸಂಸ್ಥೆಗಳನ್ನು 2020ರ ಒಂದು ವರದಿ ಹೋಲಿಸಿತ್ತು. ಷರತ್ತಿಲ್ಲದೆ ಬಳಸಬಹುದಾದ ಆಸ್ತಿ ಕಪ್ಪು ವರ್ಣೀಯರು ನಡೆಸುವ ಸಂಸ್ಥೆಗಳಲ್ಲಿ ಬಿಳಿಯರದ್ದಕ್ಕಿಂತ ಶೇ. 76 ಕಡಿಮೆ! ಬಾಡಿಗೆ, ಸಂಬಳಕ್ಕೆ ಆಗುವುದು ಅದೇ ದುಡ್ಡು ಅಲ್ವಾ?

ನನ್ನ ಪ್ರಾಜೆಕ್ಟ್ ಇದರ ಮೇಲೆಯೇ. ಇಂಥ ಸಂಸ್ಥೆ ನಡೆಸುವ ಕಪ್ಪು ವರ್ಣೀಯ ಗಂಡಸರು ಯಾರಾದರೂ ಪರಿಚಯ ಇದ್ದಾರಾ? ಅರ್ಧ ಗಂಟೆ ಫೋನಿನಲ್ಲಿ ಮಾತಾಡಿದರೆ ಸಾಕು. ಹೆಸರು ಎಲ್ಲೂ ಹಾಕುವುದಿಲ್ಲ. ಡೆಟ್ರಾಯಿಟ್, ಅಟ್ಲಾಂಟಾ ಕಡೆಯವರೂ ಆಗಬಹುದು. ದಯವಿಟ್ಟು ಮೆಸೇಜ್ ಮಾಡಿ.