ಸಿಇಟಿಯಲ್ಲಿ ಇಸಿ, ಕಾಮೆಡ್‌ಕೆಯಲ್ಲಿ ಸಿಎಸ್: ಸಾಲ ಮಾಡಿ ಯಾವುದಕ್ಕೆ ಸೇರಿಸೋದು?

ತಿಪಟೂರು_ತೆಂಗು

ಮಗಳಿಗೆ ಸಿಇಟಿ ಮಾಕ್ ಅಲಾಟ್‌ಮೆಂಟ್‌ನಲ್ಲಿ ಬೆಂಗಳೂರಿನ ಒಂದು ಸಾಧಾರಣ ಎಂಜಿನಿಯರಿಂಗ್ ಕಾಲೇಜಿನ ಇಸಿ (ಎಲೆಕ್ಟ್ರಾನಿಕ್ಸ್) ಬಂದಿದೆ. ಕಾಲೇಜಿಗೆ ಎಲ್ಲ ಸೇರಿ ವರ್ಷಕ್ಕೆ 1.2 ಲಕ್ಷ. ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಕಾಮೆಡ್‌ಕೆ ರ‍್ಯಾಂಕಿಗೆ ಸ್ವಲ್ಪ ಹೆಸರಿರುವ ಕಾಲೇಜಿನಲ್ಲಿ ಸಿಎಸ್ (ಕಂಪ್ಯೂಟರ್ ಸೈನ್ಸ್) ಸಿಗಬಹುದು, ಅಲ್ಲಿ 2.8 ಲಕ್ಷ. ಹಾಸ್ಟೆಲ್ ಎರಡೂ ಕಡೆ ವರ್ಷಕ್ಕೆ ಒಂದು ಲಕ್ಷ. ನಾವು 3ಎ (ಹಿಂದುಳಿದ ವರ್ಗ), ಅವಳು ಒಂದರಿಂದ ಹತ್ತು ಓದಿದ್ದು ಹಳ್ಳಿ ಶಾಲೆಯಲ್ಲಿ, ಆದಾಯ ಪ್ರಮಾಣಪತ್ರದಲ್ಲಿ 3.5 ಲಕ್ಷ ಇದೆ. ಕೈಯಲ್ಲಿ 4 ಲಕ್ಷ ಇದೆ, ಮಿಕ್ಕಿದ್ದಕ್ಕೆ ಸಾಲವೇ ಗತಿ. ತೋಟ ಅಡ ಇಟ್ಟು ಸಿಎಸ್‌ಗೆ ಸೇರಿಸಬಹುದಾ?

ಲೆಕ್ಕಾಚಾರ

ಮೊದಲ ವರ್ಷದ ಫೀಸು ನೋಡಬೇಡಿ, ನಾಲ್ಕು ವರ್ಷದ್ದು ಕೂಡಿ. ಸಿಇಟಿ ಸೀಟಿಗೆ 8.8 ಲಕ್ಷ, ಕಾಮೆಡ್‌ಕೆಗೆ 15.2 ಲಕ್ಷ. ನಿಮ್ಮ 4 ಲಕ್ಷ ಹಾಸ್ಟೆಲ್ಲಿಗೇ ಸರಿಹೋಗುತ್ತೆ. ಹಾಗಾಗಿ ಸಾಲ 4.8 ಲಕ್ಷವೋ 11.2 ಲಕ್ಷವೋ ಅನ್ನೋದೇ ಪ್ರಶ್ನೆ.

ಶೇ 10ರ ಬಡ್ಡಿ, 10 ವರ್ಷದ ಕಂತು ಅಂತ ಹಿಡಿದರೆ ತಿಂಗಳಿಗೆ ಸುಮಾರು 6,350 ಎದುರು 14,800. ಅದೂ ಓದುವ ಕಾಲದ ಬಡ್ಡಿಯನ್ನು ಆಗಾಗಲೇ ತೀರಿಸಿದ್ದರೆ ಮಾತ್ರ. ಕೋರ್ಸಿನ 4 ವರ್ಷದ ಮೇಲೆ ಇನ್ನೊಂದು ವರ್ಷ ಕಂತು ಇರಲ್ಲ, ಆದರೆ ಸರಳ ಬಡ್ಡಿ ಏರುತ್ತಲೇ ಇರುತ್ತೆ. ವರ್ಷಕ್ಕೆ 2.8 ಲಕ್ಷದಂತೆ ಪಡೆದ 11.2 ಲಕ್ಷಕ್ಕೆ ಅದೇ 3.92 ಲಕ್ಷ ಆಗಿ ಅಸಲಿಗೆ ಸೇರಿಕೊಂಡರೆ ಕಂತು 20,000 ಮುಟ್ಟುತ್ತೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಗೆ, ಪಿಜಿ ಬಾಡಿಗೆ ಕಟ್ಟಿದ ಮೇಲೆ, ಇದು ಭಾರವೇ.

ತೋಟದ ವಿಷಯ: 7.5 ಲಕ್ಷದ ಮೇಲೆ ಬ್ಯಾಂಕಿನವರು ಸಾಮಾನ್ಯವಾಗಿ ಅಡಮಾನ ಕೇಳ್ತಾರೆ, ಆದರೆ ಕೃಷಿ ಜಮೀನು ಸರ್ಫೇಸಿ ಕಾಯ್ದೆಯ (ಕೋರ್ಟಿಗೆ ಹೋಗದೆ ಬ್ಯಾಂಕು ಅಡಮಾನ ವಶಪಡಿಸಿಕೊಳ್ಳುವ ಕಾಯ್ದೆ) ಹೊರಗಿದೆ. ಸಾಲ ಕೆಟ್ಟರೆ ಆ ಕಾಯ್ದೆಯಡಿ ಹರಾಜು ಹಾಕೋಕಾಗಲ್ಲ ಅಂತ ಮ್ಯಾನೇಜರುಗಳು ಒಪ್ಪೋದು ಕಡಿಮೆ. ಸೈಟು, ಮನೆ ಅಥವಾ ಎಫ್‌ಡಿ ಕೇಳ್ತಾರೆ. 4.8 ಲಕ್ಷಕ್ಕೆ ಈ ತಲೆನೋವೇ ಇಲ್ಲ.

ಆಪ್ಷನ್_ಎಂಟ್ರಿ

ಸರ್, ಮಾಕ್ ಅಂದರೆ ತಾಲೀಮು ಅಷ್ಟೇ, ಸೀಟಲ್ಲ. ಈಗಲೂ ಆಪ್ಷನ್ ಪಟ್ಟಿ (ಬೇಕಾದ ಕಾಲೇಜು-ಕೋರ್ಸುಗಳ ಪಟ್ಟಿ) ತಿದ್ದಬಹುದು. ಸಿಇಟಿ ಸೀಟು ಹಂಚುವ ಕೆಇಎಯ ಹೋದ ವರ್ಷದ ಕಟಾಫ್‌ನಲ್ಲಿ ಜಿಎಂ (ಸಾಮಾನ್ಯ ವರ್ಗ) ಕಾಲಂ ನೋಡಿ ಕೈಬಿಡಬೇಡಿ. ನಿಮಗೆ ಬೇಕಾದದ್ದು 3ಎಜಿ (3ಎ ಸಾಮಾನ್ಯ) ಮತ್ತು 3ಎಆರ್. ಕೊನೆಯ ಆರ್ ಅಂದರೆ ಗ್ರಾಮೀಣ, ಹಲವು ಕಡೆ ಅಲ್ಲಿ ರ‍್ಯಾಂಕ್ ಸಾಕಷ್ಟು ಕೆಳಗಿಳಿದಿರುತ್ತೆ. ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಮೇಲುರುಜು ಇರಬೇಕು, ಜಾತಿ-ಆದಾಯಕ್ಕೆ ನಮೂನೆ-ಎಫ್. ನಾಡಕಚೇರಿ ಪ್ರಮಾಣಪತ್ರದ ಆರ್‌ಡಿ ನಂಬರಿನಲ್ಲಿರುವ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೊಂದದೆ ಮೀಸಲಾತಿ ಕೈತಪ್ಪಿಸಿಕೊಳ್ಳುವವರು ಪ್ರತಿ ವರ್ಷ ಇರ್ತಾರೆ.

ಇನ್ನೊಂದು, ಎಸ್‌ಎನ್‌ಕ್ಯೂ. ಕುಟುಂಬದ ಆದಾಯ 8 ಲಕ್ಷದೊಳಗಿದ್ದವರಿಗೆ ಶೇ 5 ಹೆಚ್ಚುವರಿ ಸೀಟು, ಬೋಧನಾ ಶುಲ್ಕ ಇಲ್ಲ. ಅರ್ಜಿಯಲ್ಲಿ ಅದನ್ನು ಕ್ಲೈಮ್ ಮಾಡಿದ್ದೀರಾ ನೋಡಿಕೊಳ್ಳಿ. ಕಾಮೆಡ್‌ಕೆಯಲ್ಲಿ 3ಎಯೂ ಇಲ್ಲ, ಗ್ರಾಮೀಣವೂ ಇಲ್ಲ.

ಪಟ್ಟಿಯನ್ನು ಆಸೆಯ ಕ್ರಮದಲ್ಲೇ ಬರೆಯಿರಿ. ‘ಸಿಗಲ್ಲ’ ಅಂತ ಸಿಎಸ್, ಐಎಸ್ (ಇನ್ಫರ್ಮೇಷನ್ ಸೈನ್ಸ್) ಕೆಳಗೆ ಹಾಕಿದರೆ, ಮೇಲಿನ ಇಸಿ ಸಿಕ್ಕ ಕೂಡಲೇ ಕೆಳಗಿನವೆಲ್ಲ ಅಳಿಸಿಹೋಗ್ತವೆ. ಮೊದಲ ಸುತ್ತಿನಲ್ಲಿ ಇಸಿ ಬಂದರೆ ಚಾಯ್ಸ್ 2 ಒತ್ತಿ: ಸೀಟು ಕೈಯಲ್ಲಿರುತ್ತೆ, ಮೇಲಿನ ಆಪ್ಷನ್‌ಗಳು ಮುಂದಿನ ಸುತ್ತಿಗೆ ಹೋಗ್ತವೆ. ಮೇಲಿನದು ಸಿಕ್ಕರೆ ಹಳೆಯದು ತಾನಾಗಿ ರದ್ದು, ಆಮೇಲೆ ಇಸಿಯೇ ಬೇಕು ಅಂದರೆ ಬರಲ್ಲ. ಚಾಯ್ಸ್ 3 ಒತ್ತಿದರೆ ಇದ್ದದ್ದೂ ಹೋಯ್ತು.

ತಿಪಟೂರು_ತೆಂಗು

ಎಸ್‌ಎನ್‌ಕ್ಯೂ ಕ್ಲೈಮ್ ಆಗಿದೆ, ಈಗ ನೋಡಿದೆ. ಬಡ್ಡಿಗೆ ಸರ್ಕಾರದ ಸಬ್ಸಿಡಿ ಇದೆಯಂತಲ್ಲ, ಅದು ಹೇಗೆ?

ಸಾಲದ_ಮೇಜು

ಇದೆ. ಆದಾಯ 4.5 ಲಕ್ಷದೊಳಗಿದ್ದರೆ ಕೇಂದ್ರದ ಬಡ್ಡಿ ಸಬ್ಸಿಡಿ ಯೋಜನೆ ಸಿಎಸ್‌ಐಎಸ್‌ನಲ್ಲಿ, 10 ಲಕ್ಷದವರೆಗಿನ ಸಾಲಕ್ಕೆ, ಓದುವ ಕಾಲ ಮತ್ತು ನಂತರದ ಒಂದು ವರ್ಷದ ಪೂರ್ತಿ ಬಡ್ಡಿ ಸರ್ಕಾರದ್ದು. ಷರತ್ತು: ಕಾಲೇಜಿಗೆ ನ್ಯಾಕ್ ಅಥವಾ ಆ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇರಬೇಕು. ಎನ್‌ಬಿಎ ಕೊಡೋದು ಬ್ರ್ಯಾಂಚಿಗೆ, ಕಾಲೇಜಿಗಲ್ಲ. ಗೇಟಿನ ಬೋರ್ಡು ನಂಬದೆ ಎನ್‌ಬಿಎ ಜಾಲತಾಣದಲ್ಲಿ ಇಸಿ ಅಂತಲೇ ಹುಡುಕಿ, ಅವಧಿ ಎಂದಿಗೆ ಮುಗಿಯುತ್ತೆ ಅನ್ನೋದನ್ನೂ ನೋಡಿ.

ಕೆಡೋದು ಎಲ್ಲಿ ಅಂದರೆ, ಬ್ಯಾಂಕು ಮೊದಲು ಬಡ್ಡಿ ಹಾಕಿ ಆಮೇಲೆ ಕ್ಲೈಮ್ ಮಾಡುತ್ತೆ. ಶಾಖೆಯವರು ಆದಾಯ ಪ್ರಮಾಣಪತ್ರ ಏರಿಸೋದು ಮರೆತರೆ ಆ ವರ್ಷದ ಬಡ್ಡಿ ನಿಮ್ಮ ತಲೆಗೇ. ಪ್ರತಿ ವರ್ಷ ಸ್ಟೇಟ್‌ಮೆಂಟ್ ತೆಗೆಸಿ ಜಮಾ ಆಗಿದೆಯಾ ನೋಡಿ. ಮಗಳು ಮಧ್ಯದಲ್ಲಿ ಓದು ಬಿಟ್ಟರೆ ಸಬ್ಸಿಡಿ ಇಲ್ಲ.

ಸಾಲಕ್ಕೆ ಹೋಗುವ ಮುಂಚೆ ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ನಾಲ್ಕೂ ವರ್ಷದ ಫೀಸು ಬರೆಸಿಕೊಳ್ಳಿ. ಕೆಇಎಗೆ ಕಟ್ಟುವ ಶುಲ್ಕದ ಮೇಲೆ ಸ್ಕಿಲ್ ಲ್ಯಾಬ್, ಪ್ಲೇಸ್‌ಮೆಂಟ್ ತರಬೇತಿ ಅಂತ ಬೇರೆ ಕೇಳುವ ಕಾಲೇಜುಗಳಿವೆ, ಎಸ್‌ಎನ್‌ಕ್ಯೂ ಸೀಟಿಗೂ. ಪತ್ರದಲ್ಲಿ ಇಲ್ಲದ ಬಾಬ್ತಿಗೆ ಬ್ಯಾಂಕು ದುಡ್ಡು ಬಿಡಲ್ಲ. ನಿಮ್ಮ ಸಿಬಿಲ್ (ಸಾಲ ತೀರಿಸಿದ ದಾಖಲೆ) ಕೂಡ ತೆಗೆಸಿ. ಬೆಳೆ ಸಾಲದ ನವೀಕರಣ ತಡವಾಗಿದ್ದರೆ ಮೊದಲು ಅದನ್ನು ಸರಿಮಾಡಿ, ಅರ್ಜಿ ಅಲ್ಲೇ ನಿಂತುಬಿಡುತ್ತೆ.