ಪದಚರ್ಚೆ: ಅನಿಮೇಷನ್ ಸಾಕ್ಷ್ಯಚಿತ್ರದಲ್ಲಿ ‘ಭಾವ ತುಂಬುವುದು’ ಸರಿಯಾದ ಬಳಕೆಯೇ?

ಪ್ರಶ್ನೆ: ಅನಿಮೇಷನ್ ಸಾಕ್ಷ್ಯಚಿತ್ರ ಕುರಿತ ಕೈಪಿಡಿಗೆಂದು ಬರೆದ ಒಂದು ವಾಕ್ಯ: ‘ಚಿತ್ರಗಳಿಗೆ ಸಾಕ್ಷಿಯ ಭಾವನೆಗಳನ್ನು ತುಂಬಬೇಕು’. ಇಲ್ಲಿ ‘ತುಂಬು’ ಹೊಂದುತ್ತದೆಯೇ? ಕೈಯಲ್ಲಿ ಬರೆದ ಚಿತ್ರಗಳ ಸಿನಿಮಾವನ್ನು ‘ಸಾಕ್ಷ್ಯಚಿತ್ರ’ ಎನ್ನಬಹುದೇ?

ಉತ್ತರ: ‘ಸಾಕ್ಷ್ಯಚಿತ್ರ’ ಎನ್ನಲು ಅಡ್ಡಿಯಿಲ್ಲ. ಗೆರೆ ಸಾಕ್ಷಿ ಹೇಳದಿದ್ದರೂ ಧ್ವನಿಮುದ್ರಣ ಹೇಳುತ್ತದೆ. 2021ರ ಡ್ಯಾನಿಷ್ ಚಿತ್ರ ‘ಫ್ಲೀ’ಯಲ್ಲಿ ಅಫ್ಘನ್ ನಿರಾಶ್ರಿತನ ಹೆಸರು, ಮುಖ ಬೇರೆ, ಸಂದರ್ಶನದ ದನಿ ಅವನದೇ.

‘ತುಂಬು’ ಮಾತ್ರ ದಾರಿ ತಪ್ಪಿಸುತ್ತದೆ. ಕಥಾಚಿತ್ರದ ಪಾತ್ರಕ್ಕೆ ಜೀವ ತುಂಬುತ್ತೇವೆ, ಭಾವ ತುಂಬುತ್ತೇವೆ, ಸರಿ. ಇಲ್ಲಿ ಭಾವ ದನಿಯಲ್ಲಿ ಆಗಲೇ ಇದೆ. ಅದನ್ನು ಉಳಿಸಿಕೊಳ್ಳುವುದೇ ಕೆಲಸ, ಅದೇ ಕಷ್ಟ ಕೂಡ.

ಮೊದಲ ನಷ್ಟ ಸಂಕಲನದಲ್ಲಿ ಆಗುತ್ತದೆ. ಮಾತು ಚುರುಕಾಗಲೆಂದು ಉಸಿರು, ತಡವರಿಕೆ, ಮೌನಗಳನ್ನು ಕತ್ತರಿಸಿದರೆ ಉಳಿಯುವುದು ಬರೀ ಮಾಹಿತಿ. ಕತ್ತರಿಸಲೇಬೇಕಾದ ಕಡೆ ಬೆಸುಗೆ ಕೇಳಿಸದಂತೆ ಅದೇ ಕೋಣೆಯ ಸದ್ದನ್ನು ಹಾಸಬೇಕು. ಅದಕ್ಕಾಗಿ ಸಂದರ್ಶನ ಮುಗಿದ ಮೇಲೆ ಯಾರೂ ಮಾತಾಡದೆ ಒಂದು ನಿಮಿಷ ಮುದ್ರಿಸಿಕೊಂಡಿರಬೇಕು.

ಇನ್ನು ಗೆರೆಯ ಮಾತು. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್ (ಒಂದೊಂದು ಸ್ಥಿರ ಚೌಕಟ್ಟು) ಓಡುತ್ತವೆ. ಒಂದೊಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೆ ಸೆಕೆಂಡಿಗೆ 12 ಚಿತ್ರ ಬರೆದರೆ ಸಾಕು. ಮೂರು ಸೆಕೆಂಡಿನ ಮೌನಕ್ಕೆ 72 ಫ್ರೇಮ್ ಬೇಕು. ಅಷ್ಟಕ್ಕೂ ಒಂದೇ ಚಿತ್ರ ಇಟ್ಟರೆ ಸಿನಿಮಾ ಸಿಕ್ಕಿಹಾಕಿಕೊಂಡಂತೆ ಕಾಣುತ್ತದೆ. ಅದೇ ಭಂಗಿಯನ್ನು ಮೂರು ಸಲ ಮತ್ತೆ ಬರೆದು ಸರದಿಯಲ್ಲಿ ತೋರಿಸಿದರೆ ಗೆರೆ ನವಿರಾಗಿ ನಡುಗುತ್ತದೆ, ಮನುಷ್ಯ ಬದುಕಿದ್ದಾನೆ ಅನ್ನಿಸುತ್ತದೆ. ನಡುವೆ ಒಮ್ಮೆ ರೆಪ್ಪೆ ಮಿಟುಕಿಸಿದರೆ ಸಾಕು. ದನಿ ಒಡೆಯುವಾಗಲೇ ಕಣ್ಣೀರನ್ನೂ ಬರೆದರೆ ಕೇಳಿದ್ದನ್ನೇ ಮತ್ತೆ ಹೇಳಿದಂತಾಗುತ್ತದೆ. ಆಗ ನೋಡುಗರಿಗೆ ದನಿಯ ಮೇಲೂ ಅನುಮಾನ ಬರುತ್ತದೆ. ಅಲ್ಲಿ ಮುಖ ಬಿಟ್ಟು ಕೈಗಳನ್ನು ಬರೆಯುವುದು ಮೇಲು.

ಚಿತ್ರೀಕರಿಸಿದ ದೃಶ್ಯದ ಮೇಲೆ ಗೆರೆ ಎಳೆಯುವ ರೋಟೋಸ್ಕೋಪ್ (ಅಮೆರಿಕದ ಅನಿಮೇಷನ್ ಕಲಾವಿದ ಮ್ಯಾಕ್ಸ್ ಫ್ಲೈಶರ್‌ಗೆ 1917ರಲ್ಲಿ ಇದರ ಪೇಟೆಂಟ್ ಸಿಕ್ಕಿತು) ಭಾವವನ್ನು ತಾನಾಗಿ ತಂದುಕೊಡುವುದಿಲ್ಲ. ಮೈಯ ಚಲನೆ ಸಿಗುತ್ತದೆ, ಕಣ್ಣಸುತ್ತಲಿನ ಸಣ್ಣ ಸ್ನಾಯುಗಳ ಮಿಡಿತ ಗೆರೆಗೆ ಸಿಗದೆ ಮುಖ ಮುಖವಾಡವಾಗುತ್ತದೆ. 2008ರ ಇಸ್ರೇಲಿ ಅನಿಮೇಷನ್ ಸಾಕ್ಷ್ಯಚಿತ್ರ ‘ವಾಲ್ಟ್ಜ್ ವಿತ್ ಬಶೀರ್’ ರೋಟೋಸ್ಕೋಪ್‌ನಿಂದ ತಯಾರಾದದ್ದೆಂದು ಹಲವರು ತಿಳಿದಿದ್ದಾರೆ. ಅದಕ್ಕೆ ಮೊದಲು ವಿಡಿಯೊ ಮಾಡಿಕೊಂಡರೂ ಚಿತ್ರಗಳನ್ನು ಹೊಸದಾಗಿಯೇ ಬರೆದರು.

‘ಭಾವನೆ’ಗಿಂತ ‘ಭಾವ’ ಇಲ್ಲಿ ಮೇಲು. ‘ಸಾಕ್ಷಿಯ ಭಾವನೆ’ ಎಂದರೆ ಆತನ ಅಭಿಪ್ರಾಯ ಎಂದೂ ಅರ್ಥವಾಗುತ್ತದೆ. ವಾಕ್ಯವನ್ನು ಹೀಗೆ ತಿದ್ದಬಹುದು: ‘ಸಾಕ್ಷಿಯ ದನಿಯಲ್ಲಿರುವ ಭಾವವನ್ನು ಚಿತ್ರಗಳು ಉಳಿಸಿಕೊಳ್ಳಬೇಕು’.