ಚೀಸ್ ಬೋರ್ಡ್‌ಗೆ ಏನೇನು ಇಡಬೇಕು? ಗೊತ್ತಿದ್ದವರು ಹೇಳಿ

ನಾವು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದೇವೆ. ಶನಿವಾರ ಸಂಜೆ ಹೊಸ ಮನೆಗೆ ಹನ್ನೆರಡು ಜನ ಬರುತ್ತಿದ್ದಾರೆ. ಅರ್ಧ ನಮ್ಮವರು, ಅದರಲ್ಲಿ ಮೊಟ್ಟೆಯನ್ನೂ ಮುಟ್ಟದವರಿದ್ದಾರೆ. ಇನ್ನರ್ಧ ನಮ್ಮ ಯಜಮಾನರ ಆಫೀಸಿನ ಡಚ್ ಮಂದಿ. ಊಟಕ್ಕೆ ಬಿಸಿಬೇಳೆ ಬಾತ್. ಅದಕ್ಕೂ ಮುಂಚೆ ಒಂದು ಚೀಸ್ ಬೋರ್ಡ್ ಇಡೋಣ ಅಂತ. ಅಂಗಡಿಗೆ ಹೋದರೆ ಗೋಡೆ ತುಂಬಾ ಚೀಸ್, ತಲೆ ಕೆಡುತ್ತೆ. ಯಾವುದು, ಎಷ್ಟು, ಹೇಗೆ?

*

ಆಮೇಲೆ ಊಟ ಇದೆಯಲ್ವಾ, ಒಬ್ಬರಿಗೆ 50–60 ಗ್ರಾಂ ಧಾರಾಳ. ಒಟ್ಟು 700 ಗ್ರಾಂ ತನ್ನಿ. ನಾಲ್ಕು ಬಗೆ ಸಾಕು. ಸೂಪರ್‌ಮಾರ್ಕೆಟ್ ಬದಲು ಸಂತೆಯ ಚೀಸ್ ಗಾಡಿಗೆ ಹೋಗಿ, ಕೇಳಿದರೆ ರುಚಿ ನೋಡಲು ಒಂದು ಚೂರು ಕೊಡುತ್ತಾರೆ. ಅಲ್ಲಿ ‘ಒನ್ಸ್’ ಅಂದರೆ 100 ಗ್ರಾಂ, ‘ಪೊಂಡ್’ ಅಂದರೆ ಅರ್ಧ ಕಿಲೋ.

*

ಅಕ್ಕಾ, ರುಚಿಗಿಂತ ಮೊದಲು ರೆನೆಟ್ ನೋಡಿ. ಹಾಲು ಹೆಪ್ಪುಗಟ್ಟಲು ಹಾಕುವ ಈ ರೆನೆಟ್ ಎಷ್ಟೋ ಚೀಸ್‌ಗಳಲ್ಲಿ ಕರುವಿನ ಹೊಟ್ಟೆಯಿಂದ ತೆಗೆದದ್ದು. ಇಟಲಿಯ ಗಟ್ಟಿ ಚೀಸ್ ಪಾರ್ಮಿಜಾನೊ ರೆಜ್ಜಾನೊ ಅಂತೂ ನಿಯಮದ ಪ್ರಕಾರವೇ ಹಾಗೆ, ಅದನ್ನು ಬಿಟ್ಟುಬಿಡಿ. ಇಲ್ಲಿ ಪ್ಯಾಕೆಟ್ ಮೇಲೆ ‘ವೆಖೆಟಾರಿಸ್ ಸ್ಟ್ರೆಮ್ಸೆಲ್’, ಅಂದರೆ ಸಸ್ಯಾಹಾರಿ ರೆನೆಟ್, ಅಂತ ಇದ್ದರೆ ನಿಶ್ಚಿಂತೆ. ಬರೀ ‘ಸ್ಟ್ರೆಮ್ಸೆಲ್’ ಅಂತಿದ್ದರೆ ಅಂಗಡಿಯವರನ್ನು ಕೇಳಿ. ನಾಲ್ಕೂ ಸಸ್ಯಾಹಾರದ್ದೇ ತಂದರೆ ಇದು ಯಾರದು, ಅದು ಯಾರದು ಅನ್ನೋ ಗೊಂದಲವೇ ಇರಲ್ಲ. ಡಚ್ಚರಿಗೆ ವ್ಯತ್ಯಾಸವೂ ಗೊತ್ತಾಗಲ್ಲ.

ನಾನಾದರೆ ಬೇರೆ ಬೇರೆ ದೇಶದ್ದು ಗುಡ್ಡೆ ಹಾಕಲ್ಲ. ಇಲ್ಲಿಯದೇ ಆದ ಗೌಡಾ ಚೀಸ್ ಒಂದನ್ನೇ ಎರಡು ವಯಸ್ಸಿನಲ್ಲಿ ಇಡುತ್ತೇನೆ. ನಾಲ್ಕು ವಾರದ ಎಳೆಯದು ಮೆತ್ತಗೆ, ಹಾಲಿನ ರುಚಿ, ಮಕ್ಕಳಿಗೂ ಹಿಡಿಸುತ್ತೆ. ಹತ್ತು ತಿಂಗಳು ದಾಟಿದ ‘ಔಡ್’, ಅಂದರೆ ಹಳೆಯದು, ಬೇರೆಯೇ ಲೋಕ. ಕಂದು ಬಣ್ಣ, ಉಪ್ಪುಪ್ಪು, ಒಂಚೂರು ಸುಟ್ಟ ಸಕ್ಕರೆಯ ಸಿಹಿ. ಹಲ್ಲಿಗೆ ಕರುಕುರು ಅನ್ನೋ ಬಿಳಿ ಕಾಳು ಸಿಗುತ್ತೆ. ಅದು ಉಪ್ಪಲ್ಲ, ಬೂಷ್ಟೂ ಅಲ್ಲ. ಚೀಸ್ ಹಳೆಯದಾಗುತ್ತಾ ಪ್ರೋಟೀನ್ ಒಡೆದು ಆದ ಹರಳು. ಇದನ್ನು ತೆಳ್ಳಗೆ ಹೆರೆಯಲು ಹೋದರೆ ಪುಡಿಯಾಗುತ್ತೆ. ಚಾಕುವಿನ ತುದಿ ಚುಚ್ಚಿ ತಿರುಗಿಸಿ, ತಾನಾಗೇ ಉಂಡೆ ಉಂಡೆಯಾಗಿ ಬಿಡುತ್ತೆ. ಎಳೆಯದನ್ನು ಚೌಕ ಹೆಚ್ಚಿ ಪಕ್ಕಕ್ಕೆ ಸಾಸಿವೆ ಪೇಸ್ಟ್ ಇಡಿ, ಇಲ್ಲಿಯ ರೂಢಿ ಅದೇ.

ಮೂರನೆಯದು ಜೀರಿಗೆ ಹಾಕಿದ ಚೀಸ್, ಇಲ್ಲಿಯ ಲೈಡನ್ ಊರಿನ ಕಡೆಯದು. ನಮ್ಮವರ ಕೈ ಮೊದಲು ಅಲ್ಲಿಗೇ ಹೋಗುತ್ತೆ, ನೋಡ್ತಿರಿ. ಮೆಂತ್ಯ ಹಾಕಿದ್ದೂ ಸಿಗುತ್ತೆ. ಕಹಿ ಇಲ್ಲ, ಅಕ್ರೋಟಿನ ಹತ್ತಿರದ ರುಚಿ.

*

ನಾಲ್ಕನೆಯದು ಫ್ರಾನ್ಸ್ ಕಡೆಯ ಬ್ರೀ ಚೀಸ್ ಇರಲಿ. ಒಂದಾದರೂ ಮೆತ್ತನೆಯದು ಬೇಕು. ತ್ರಿಕೋನದ ಮೂತಿಯನ್ನು ಅಡ್ಡ ಕತ್ತರಿಸಬೇಡಿ. ಮೂತಿಯಿಂದ ಅಂಚಿನವರೆಗೆ ಉದ್ದುದ್ದ ಸೀಳಿದರೆ ಎಲ್ಲರಿಗೂ ನಡುವಿನ ಮೆದು ಭಾಗವೂ ಸಿಗುತ್ತೆ, ಸಿಪ್ಪೆಯೂ ಸಿಗುತ್ತೆ. ಆ ಬಿಳಿ ಸಿಪ್ಪೆ ತಿನ್ನಬಹುದು, ಗೌಡಾದ ಮೇಲಿನ ಹಳದಿ ಲೇಪ ತಿನ್ನಬಾರದು. ಬಸುರಿಯರು ಬರುತ್ತಿದ್ದರೆ ಬ್ರೀ ಅವರಿಗಲ್ಲ ಅಂತ ಮೊದಲೇ ಹೇಳಿಬಿಡಿ, ಲಿಸ್ಟೀರಿಯಾ ಸೋಂಕಿನ ಭಯ. ನೀಲಿ ಬೂಷ್ಟಿನ ಚೀಸ್ ಈ ಸಲ ಬೇಡ. ನಮ್ಮ ಕಡೆಯ ಅರ್ಧ ಜನ ವಾಸನೆಗೇ ಎದ್ದು ಹೋಗ್ತಾರೆ. ಇಡಲೇಬೇಕು ಅಂದರೆ ಬೇರೆ ತಟ್ಟೆ, ಬೇರೆ ಚಾಕು, ಪಕ್ಕದಲ್ಲಿ ಜೇನುತುಪ್ಪ.

ಫ್ರಿಜ್‌ನಿಂದ ಒಂದು ಗಂಟೆ ಮುಂಚೆ ತೆಗೆಯಿರಿ. ತಣ್ಣಗಿದ್ದರೆ ರುಚಿಯೇ ಬಿಚ್ಚಲ್ಲ. ಆದರೆ ಹೆಚ್ಚುವುದು ಜನ ಬರೋ ಹೊತ್ತಿಗೆ, ಇಲ್ಲಾಂದ್ರೆ ಅಂಚು ಒಣಗುತ್ತೆ. ಪ್ರತಿಯೊಂದರಲ್ಲೂ ಒಂದು ತುಂಡು ಹಾಗೇ ಬಿಡಿ, ಯಾವ ಚೀಸ್ ಅಂತ ಗೊತ್ತಾಗಲಿ. ಸಪ್ಪೆಯಿಂದ ಶುರು ಮಾಡಿ ಖಡಕ್ ಆದದ್ದು ಕೊನೆಗೆ ಬರಲಿ. ಸಂದಿಗಳಲ್ಲಿ ದ್ರಾಕ್ಷಿ, ಸೇಬು, ಅಂಜೂರ.

*

ಊರಿಂದ ತಂದ ನಿಪ್ಪಟ್ಟು ಇದ್ದರೆ ಬಿಸ್ಕತ್ತಿನ ಜಾಗದಲ್ಲಿ ಇಡಬಹುದಾ ಅಂತ ಕೇಳೋರಿದ್ದಾರೆ. ಹಳೆ ಗೌಡಾ ಅದರ ಖಾರಕ್ಕೆ ತಡೆಯುತ್ತೆ, ಬ್ರೀ ಸತ್ತೇ ಹೋಗುತ್ತೆ. ಅದಕ್ಕೆ ಸಾದಾ ಬ್ರೆಡ್ಡೇ ಸರಿ.

ಮಿಕ್ಕಿದ್ದನ್ನು ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಬೇಡಿ, ಬೆವರುತ್ತೆ. ಬೇಕಿಂಗ್ ಪೇಪರ್‌ನಲ್ಲಿ ಸುತ್ತಿ ಡಬ್ಬಿಗೆ ಹಾಕಿ. ಜೀರಿಗೆ ಚೀಸ್ ಉಳಿದರೆ ಭಾನುವಾರ ಬೆಳಿಗ್ಗೆ ತುರಿದು ದೋಸೆ ಮೇಲೆ ಉದುರಿಸಿ.